ಒಂದು ಫೈಲು, ಹತ್ತು ಮೇಜು: ಲ್ಯಾನ್ ಮೇಲೆ ಡೆಸ್ಕ್‌ಟಾಪ್ ಡೇಟಾಬೇಸ್

ಮೈಕ್ರೋಸಾಫ್ಟ್ ಆಕ್ಸೆಸ್, ಫಾಕ್ಸ್‌ಪ್ರೊ, ಟ್ಯಾಲಿಯಂಥ ಡೆಸ್ಕ್‌ಟಾಪ್ ತಂತ್ರಾಂಶಗಳನ್ನು ಒಂದೇ ಕಚೇರಿಯ ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಬಳಸುವಾಗ ಮಾಹಿತಿಯ ಫೈಲು ಯಾವುದಾದರೊಂದು ಯಂತ್ರದ ಶೇರ್ಡ್ ಫೋಲ್ಡರ್‌ನಲ್ಲಿರುತ್ತದೆ. ಅದನ್ನು ಓದುವ, ಹುಡುಕುವ, ವಿಂಗಡಿಸುವ, ತಿದ್ದುವ ಕೆಲಸವೆಲ್ಲ ಪ್ರತಿ ಮೇಜಿನ ಕಂಪ್ಯೂಟರ್‌ನಲ್ಲಿ ಬೇರೆ ಬೇರೆಯಾಗಿ ನಡೆಯುತ್ತದೆ. ಫೈಲನ್ನು ಇಟ್ಟುಕೊಂಡ ಯಂತ್ರವನ್ನು ಕಚೇರಿಯವರು ‘ಸರ್ವರ್’ ಎಂದೇ ಕರೆದರೂ ಫೈಲಿನ ಒಳಗೆ ಏನಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಕೇಳಿದಷ್ಟು ಬೈಟ್‌ಗಳನ್ನು ಕೊಡುವುದು, ಕೊಟ್ಟಷ್ಟನ್ನು ಬರೆದಿಡುವುದು, ಇಷ್ಟೇ ಅದರ ಕೆಲಸ. ಎಸ್‌ಕ್ಯೂಎಲ್ ಸರ್ವರ್, ಒರಾಕಲ್, ಪೋಸ್ಟ್‌ಗ್ರೆಸ್ ಮುಂತಾದವುಗಳಲ್ಲಿ ಹಾಗಲ್ಲ. ಅಲ್ಲಿ ಫೈಲನ್ನು ಮುಟ್ಟುವ ಅಧಿಕಾರ ಒಂದೇ ಎಂಜಿನ್‌ಗೆ. ಉಳಿದ ಕಂಪ್ಯೂಟರ್‌ಗಳು ಪ್ರಶ್ನೆ ಕೇಳಿ ಉತ್ತರ ಪಡೆಯುತ್ತವೆ, ಫೈಲಿನ ಹತ್ತಿರ ಸುಳಿಯುವುದಿಲ್ಲ. ಡೆಸ್ಕ್‌ಟಾಪ್ ಡೇಟಾಬೇಸನ್ನು ನೆಟ್‌ವರ್ಕ್‌ಗೆ ಹಾಕಿದಾಗ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು.

ಈ ಏರ್ಪಾಡು ಯಾರೂ ಕೂತು ಯೋಚಿಸಿ ಆರಿಸಿಕೊಂಡದ್ದಲ್ಲ. 1980ರ ದಶಕದ ಆರಂಭದಲ್ಲಿ ಆಷ್ಟನ್-ಟೇಟ್ ಕಂಪನಿಯ ಡಿಬೇಸ್ ಬಂದಾಗ ಪರ್ಸನಲ್ ಕಂಪ್ಯೂಟರ್ ಎಂದರೆ ಒಬ್ಬರ ಯಂತ್ರ, ಡೇಟಾಬೇಸ್ ಎಂದರೆ ಒಬ್ಬರ ಫ್ಲಾಪಿ. 1983ರ ಹೊತ್ತಿಗೆ ಐಬಿಎಂನಲ್ಲಿ ಎಸ್‌ಎಂಬಿ ಎಂಬ ಫೈಲ್ ಹಂಚಿಕೆಯ ಪದ್ಧತಿ ರೂಪುಗೊಂಡಿತು; ನಾವೆಲ್ ಕಂಪನಿಯ ನೆಟ್‌ವೇರ್ ಕಚೇರಿಗಳಿಗೆ ಕಾಲಿಟ್ಟಿತು; ಬಳಿಕ ಡಾಸ್ ಕೂಡ ಫೈಲನ್ನು ಹಂಚಿಕೊಳ್ಳುವುದನ್ನು ಕಲಿತಿತು. ಒಬ್ಬರಿಗಾಗಿ ಮಾಡಿದ ಫೈಲು ಹೀಗೆ ಹಲವರ ಕೈಗೆ ಬಂತು. 1992ರಲ್ಲಿ ಮೈಕ್ರೋಸಾಫ್ಟ್ ಒಂದು ಕಡೆ ಫಾಕ್ಸ್ ಸಾಫ್ಟ್‌ವೇರ್ ಕಂಪನಿಯನ್ನು ಕೊಂಡು ಫಾಕ್ಸ್‌ಪ್ರೊವನ್ನು ತನ್ನದಾಗಿಸಿಕೊಂಡಿತು, ಇನ್ನೊಂದು ಕಡೆ ಆಕ್ಸೆಸ್‌ನ ಮೊದಲ ಆವೃತ್ತಿಯನ್ನು ಹೊರತಂದಿತು. ಭಾರತದಲ್ಲಿ ತೊಂಬತ್ತರ ದಶಕದ ಕಂಪ್ಯೂಟರ್ ತರಬೇತಿ ಎಂದರೆ ಫಾಕ್ಸ್‌ಪ್ರೊ ಇರಲೇಬೇಕಿತ್ತು. ವಿಷುಯಲ್ ಫಾಕ್ಸ್‌ಪ್ರೊದ ಕೊನೆಯ ಆವೃತ್ತಿಯಾದ 9.0 ಬಂದದ್ದು 2004ರಲ್ಲಿ. ಮುಂದಿನ ಆವೃತ್ತಿ ಇಲ್ಲವೆಂದು 2007ರಲ್ಲಿ ಘೋಷಣೆಯಾಯಿತು. 2015ರ ಜನವರಿಗೆ ಮೈಕ್ರೋಸಾಫ್ಟಿನ ಬೆಂಬಲವೂ ನಿಂತಿತು. ಆದರೂ ಆ ಕಾಲದಲ್ಲಿ ಬರೆದ ಬಿಲ್ಲಿಂಗ್, ಸಂಬಳಪಟ್ಟಿ, ಸದಸ್ಯರ ಖಾತೆಯ ಪ್ರೋಗ್ರಾಂಗಳು ಇನ್ನೂ ಅಲ್ಲಲ್ಲಿ ಓಡುತ್ತಲೇ ಇವೆ. ಓಡುವ ಪ್ರೋಗ್ರಾಮನ್ನು ನಿಲ್ಲಿಸುವ ಧೈರ್ಯ ಯಾವ ಕಾರ್ಯದರ್ಶಿಗೂ ಸುಲಭಕ್ಕೆ ಬರುವುದಿಲ್ಲ.

ಆಕ್ಸೆಸ್ ಬಗ್ಗೆ ಬಹಳ ಕಾಲದಿಂದ ಒಂದು ಮಾತು ಚಾಲ್ತಿಯಲ್ಲಿದೆ: ಒಂದು ದಾಖಲೆ ಬೇಕೆಂದರೂ ಇಡೀ ಫೈಲು ನೆಟ್‌ವರ್ಕ್ ಮೇಲೆ ಹರಿದು ಬರುತ್ತದೆ ಎಂದು. ಇದು ನಿಜವಲ್ಲ. ಆಕ್ಸೆಸ್‌ನ ಎಂಜಿನ್ ಫೈಲನ್ನು 4 ಕೆಬಿ ಗಾತ್ರದ ಪುಟಗಳಾಗಿ ನೋಡುತ್ತದೆ, ಬೇಕಾದ ಪುಟಗಳನ್ನಷ್ಟೇ ತರಿಸಿಕೊಳ್ಳುತ್ತದೆ. ಒಂದು ಸಹಕಾರ ಸಂಘದ ಡೇಟಾಬೇಸಿನಲ್ಲಿ 60,000 ರಸೀದಿಗಳಿವೆ, ಒಂದೊಂದು 200 ಬೈಟ್ ಎಂದಿಟ್ಟುಕೊಂಡರೆ ಟೇಬಲಿನ ಗಾತ್ರ ಸುಮಾರು 12 ಎಂಬಿ, ಅಂದರೆ ಹೆಚ್ಚುಕಡಿಮೆ 3,000 ಪುಟ. ರಸೀದಿ ಸಂಖ್ಯೆಗೆ ಇಂಡೆಕ್ಸ್ ಇದ್ದರೆ ಇಂಡೆಕ್ಸಿನ ಮೂರು ನಾಲ್ಕು ಪುಟ, ಮಾಹಿತಿಯ ಒಂದು ಪುಟ ಬಂದರೆ ಸಾಕು, ದಾಖಲೆ ಸಿಕ್ಕಿತು. ಇಂಡೆಕ್ಸ್ ಇಲ್ಲದ ಕಾಲಂನಲ್ಲಿ, ಉದಾಹರಣೆಗೆ ಷರಾ ಬರೆಯುವ ಜಾಗದಲ್ಲಿ, ಏನನ್ನಾದರೂ ಹುಡುಕಿದರೆ 3,000 ಪುಟಗಳೂ ಕೇಬಲ್ ಹಿಡಿದು ಬರಲೇಬೇಕು. 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಅದಕ್ಕೆ ಒಂದು ಸೆಕೆಂಡ್ ಬೇಕು. ಐದು ಜನ ಒಟ್ಟಿಗೆ ಹುಡುಕಿದರೆ ಐದು. ಹೀಗಾಗಿ ‘ನೆಟ್‌ವರ್ಕ್ ಸ್ಲೋ’ ಎಂಬ ದೂರು ಬಂದಾಗ ಹೊಸ ಸ್ವಿಚ್ ಕೊಳ್ಳುವ ಮೊದಲು ಟೇಬಲಿನ ಇಂಡೆಕ್ಸ್‌ಗಳನ್ನು ನೋಡುವುದು ಲಾಭ. ಹುಡುಕಾಟ, ಜೋಡಣೆ, ವಿಂಗಡಣೆಗೆ ಬಳಸುವ ಕಾಲಂಗಳಿಗೆಲ್ಲ ಇಂಡೆಕ್ಸ್ ಇರಬೇಕು. ಫಾರಂ ತೆರೆದ ಕೂಡಲೇ ಇಡೀ ಟೇಬಲನ್ನು ತೋರಿಸುವ ಬದಲು, ಸಂಖ್ಯೆಯನ್ನೋ ಹೆಸರನ್ನೋ ಕೇಳಿ ಆ ಒಂದು ದಾಖಲೆಯನ್ನು ಮಾತ್ರ ತರಿಸಬೇಕು.

ವೇಗದ ಲೆಕ್ಕದಲ್ಲಿ ಎಂಬಿಪಿಎಸ್‌ಗಿಂತ ಮುಖ್ಯವಾದದ್ದು ಹೋಗಿಬರುವ ಹೊತ್ತು. ಎಂಜಿನ್ ಒಂದು ಪುಟ ಕೇಳಿ, ಅದು ಬಂದ ಮೇಲೆ ಅದನ್ನು ನೋಡಿ ಮುಂದಿನದನ್ನು ಕೇಳುತ್ತದೆ. ಸಾಧಾರಣ ಫಾರಂ ಒಂದು ತೆರೆದುಕೊಳ್ಳಲು 500 ಸಲ ಹೋಗಿಬರಬೇಕೆನ್ನೋಣ. ಕೇಬಲ್ ಎಳೆದ ಲ್ಯಾನ್‌ನಲ್ಲಿ ಒಂದು ಸುತ್ತಿಗೆ ಅರ್ಧ ಮಿಲಿಸೆಕೆಂಡ್ ಹಿಡಿದರೆ ಫಾರಂ ಕಾಲು ಸೆಕೆಂಡಿನಲ್ಲಿ ಸಿದ್ಧ. ಅದೇ ಫೈಲನ್ನು ಮತ್ತೊಂದು ಊರಿನ ಶಾಖೆಯಿಂದ ವಿಪಿಎನ್ ಮೂಲಕ ತೆರೆದಾಗ ಒಂದು ಸುತ್ತಿಗೆ 40 ಮಿಲಿಸೆಕೆಂಡ್ ಆದರೆ 20 ಸೆಕೆಂಡ್ ಕಾಯಬೇಕು. ಬ್ರಾಡ್‌ಬ್ಯಾಂಡಿನ ವೇಗ 50ರಿಂದ 200 ಎಂಬಿಪಿಎಸ್‌ಗೆ ಏರಿದರೂ ಈ 20 ಸೆಕೆಂಡ್ ಕಡಿಮೆಯಾಗುವುದು ಅಷ್ಟಕ್ಕಷ್ಟೆ. ಡೆಸ್ಕ್‌ಟಾಪ್ ಡೇಟಾಬೇಸ್ ಲ್ಯಾನಿನ ಗಡಿ ದಾಟಬಾರದು ಎಂಬ ನಿಯಮ ಈ ಲೆಕ್ಕದಿಂದ ಬಂದದ್ದು.

ಇನ್ನು ಲಾಕ್‌ಗಳ ವಿಷಯ. ಒಂದೇ ಲೆಡ್ಜರನ್ನು ಇಬ್ಬರು ಗುಮಾಸ್ತರು ಎರಡು ಕಡೆಯಿಂದ ಹಿಡಿದು ಬರೆಯಹೊರಟಂತೆ ಇಲ್ಲಿನ ಪರಿಸ್ಥಿತಿ. ಯಾರ ಸರದಿ ಎಂದು ಹೇಳಲು ಮೂರನೆಯವರಿಲ್ಲ. ಫಾಕ್ಸ್‌ಪ್ರೊದಲ್ಲಿ ದಾಖಲೆಗೊಂದು, ಇಡೀ ಟೇಬಲಿಗೊಂದು ಲಾಕ್ ಆದೇಶ ಇತ್ತು. ಅದನ್ನು ಸರಿಯಾದ ಜಾಗದಲ್ಲಿ ಬರೆಯುವ ಹೊಣೆ ಪ್ರೋಗ್ರಾಮರ್‌ನದು. ಆಕ್ಸೆಸ್ ಈ ಕೆಲಸವನ್ನು ತಾನೇ ವಹಿಸಿಕೊಂಡಿತು. ಡೇಟಾಬೇಸ್ ತೆರೆದೊಡನೆ ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ ಒಂದು ಪುಟ್ಟ ಲಾಕ್ ಫೈಲು ಹುಟ್ಟುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದರ ಬಾಲ ಎಲ್‌ಡಿಬಿ, 2007ರಿಂದೀಚೆಗೆ ಎಲ್‌ಎಸಿಸಿಡಿಬಿ. ಒಳಗೆ ಬಂದ ಪ್ರತಿಯೊಬ್ಬರಿಗೂ ಅದರಲ್ಲಿ 64 ಬೈಟ್‌ನ ಜಾಗ: ಮೊದಲ 32 ಕಂಪ್ಯೂಟರಿನ ಹೆಸರಿಗೆ, ಉಳಿದ 32 ಬಳಕೆದಾರರ ಹೆಸರಿಗೆ. ಯಾವ ದಾಖಲೆ ಯಾರ ವಶದಲ್ಲಿದೆ ಎಂಬುದನ್ನು ಇದೇ ಫೈಲಿನ ಮೇಲೆ, ಅದೂ ಅದರ ಅಂತ್ಯದಾಚೆಗಿನ, ನಿಜವಾಗಿ ಇಲ್ಲದ ಬೈಟ್‌ಗಳನ್ನು ಲಾಕ್ ಮಾಡುವಂತೆ ಆಪರೇಟಿಂಗ್ ಸಿಸ್ಟಮನ್ನು ಕೇಳಿ ಗುರುತಿಟ್ಟುಕೊಳ್ಳಲಾಗುತ್ತದೆ. ಕೊನೆಯವರು ಹೊರಹೋದಾಗ ಫೈಲು ಅಳಿಯುತ್ತದೆ. ಆದ್ದರಿಂದಲೇ ಬಳಕೆದಾರರಿಗೆ ಆ ಫೋಲ್ಡರಿನಲ್ಲಿ ಫೈಲು ಸೃಷ್ಟಿಸುವ, ಅಳಿಸುವ ಅನುಮತಿಯೂ ಬೇಕು. ‘ಓದಲು ಮಾತ್ರ’ ಅನುಮತಿ ಇರುವವರು ಮೊದಲು ತೆರೆದರೆ ಲಾಕ್ ಫೈಲು ಹುಟ್ಟದೆ ಉಳಿದವರಿಗೆಲ್ಲ ಬಾಗಿಲು ಮುಚ್ಚಿಕೊಳ್ಳುತ್ತದೆ.

ಆಕ್ಸೆಸ್ 2000ಕ್ಕಿಂತ ಹಿಂದೆ ಒಂದು ದಾಖಲೆ ತಿದ್ದಿದರೆ ಅದೇ ಪುಟದ ನೆರೆಹೊರೆಯ ದಾಖಲೆಗಳೂ ಲಾಕ್ ಆಗುತ್ತಿದ್ದವು. ಆ ಆವೃತ್ತಿಯಿಂದ ದಾಖಲೆಯೊಂದನ್ನೇ ಹಿಡಿಯುವ ಸೌಲಭ್ಯ ಬಂತು. ಯಾವ ಲಾಕೂ ಹಾಕದೆ, ಉಳಿಸುವ ಗಳಿಗೆಯಲ್ಲಿ ಬೇರೆಯವರು ತಿದ್ದಿದ್ದಾರೆಯೇ ಎಂದು ನೋಡುವ ವಿಧಾನವೂ ಇದೆ. ತಿದ್ದಿದ್ದರೆ ಆಕ್ಸೆಸ್ ಒಂದು ಪೆಟ್ಟಿಗೆ ತೋರಿಸಿ ನಿನ್ನದನ್ನೇ ಉಳಿಸಲೇ, ನಕಲು ತೆಗೆದಿಡಲೇ, ಬಿಟ್ಟುಬಿಡಲೇ ಎಂದು ಕೇಳುತ್ತದೆ. ಕೌಂಟರಿನಲ್ಲಿ ಸಾಲು ನಿಂತಿರುವಾಗ ಗುಮಾಸ್ತರು ಮೊದಲ ಗುಂಡಿಯನ್ನೇ ಒತ್ತುತ್ತಾರೆ, ಇನ್ನೊಬ್ಬರು ಬರೆದದ್ದು ಅಳಿಸಿಹೋಗುತ್ತದೆ. ತಿದ್ದುತ್ತಿರುವ ದಾಖಲೆಗೆ ಮೊದಲೇ ಲಾಕ್ ಹಾಕುವುದು ಹಣದ ವ್ಯವಹಾರಕ್ಕೆ ಮೇಲು.

ಲಾಕ್ ಇದ್ದೂ ತಪ್ಪುವ ಜಾಗ ರಸೀದಿ ಸಂಖ್ಯೆ. ಬಹುತೇಕ ಪ್ರೋಗ್ರಾಂಗಳಲ್ಲಿ ಟೇಬಲಿನ ಅತಿ ದೊಡ್ಡ ಸಂಖ್ಯೆಯನ್ನು ಓದಿ ಒಂದು ಕೂಡಿಸುವ ಸಾಲು ಇರುತ್ತದೆ. ಒಂದನೇ ಕೌಂಟರ್ 1045 ಓದಿ 1046 ಎನ್ನುತ್ತದೆ. ಅದು ಉಳಿಸುವ ಮುನ್ನವೇ ಎರಡನೇ ಕೌಂಟರ್ ಕೂಡ 1045 ಓದಿ 1046 ಎನ್ನುತ್ತದೆ. ಇಬ್ಬರು ಸದಸ್ಯರ ಕೈಯಲ್ಲಿ ಒಂದೇ ಸಂಖ್ಯೆಯ ರಸೀದಿ. ತಪ್ಪು ಬಯಲಾಗುವುದು ವರ್ಷದ ಕೊನೆಗೆ, ಆಡಿಟರ್ ಮುಂದೆ. ಒಂದೇ ಯಂತ್ರದಲ್ಲಿ ಪರೀಕ್ಷಿಸುವಾಗ ಈ ದೋಷ ಎಂದೂ ಕಾಣುವುದಿಲ್ಲ. ಪರಿಹಾರ ಕಷ್ಟದ್ದಲ್ಲ. ಸಂಖ್ಯೆ ಮರುಕಳಿಸದಂತೆ ಅದರ ಕಾಲಂಗೆ ಯುನೀಕ್ ಇಂಡೆಕ್ಸ್ ಹಾಕಬೇಕು. ಮುಂದಿನ ಸಂಖ್ಯೆಯನ್ನು ಒಂದು ಪ್ರತ್ಯೇಕ ಟೇಬಲಿನಲ್ಲಿಟ್ಟು, ಅದನ್ನು ಲಾಕ್ ಮಾಡಿ ಓದಿ, ಹೆಚ್ಚಿಸಿ ಬಿಡಬೇಕು. ಲಾಕ್ ಸಿಗದಿದ್ದರೆ ತುಸು ತಡೆದು ಮತ್ತೆ ಯತ್ನಿಸಬೇಕು. ಆಕ್ಸೆಸ್ ತಾನೇ ಕೊಡುವ ಆಟೋನಂಬರ್ ಮರುಕಳಿಸದು ನಿಜ, ಆದರೆ ಅರ್ಧಕ್ಕೆ ಬಿಟ್ಟ ದಾಖಲೆಗಳ ಸಂಖ್ಯೆ ನಡುವೆ ಖಾಲಿ ಉಳಿಯುತ್ತದೆ. ಸರಣಿ ತಪ್ಪದ ಸಂಖ್ಯೆ ಕೇಳುವ ರಸೀದಿ ಪುಸ್ತಕಕ್ಕೆ ಅದು ಸಲ್ಲದು.

ಆಕ್ಸೆಸ್‌ನ ಡೇಟಾಬೇಸ್ ಹಲವರ ಬಳಕೆಗೆ ಹೋಗುವಾಗ ಅದನ್ನು ಎರಡು ಮಾಡುವುದು ಮೊದಲ ಕೆಲಸ. ಟೇಬಲ್‌ಗಳಷ್ಟೇ ಇರುವ ಬ್ಯಾಕ್‌ಎಂಡ್ ಫೈಲು ಶೇರ್ಡ್ ಫೋಲ್ಡರಿನಲ್ಲಿ. ಫಾರಂ, ಕ್ವೆರಿ, ವರದಿ, ಕೋಡ್ ಇರುವ ಫ್ರಂಟ್‌ಎಂಡ್ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ ಒಂದೊಂದು ಪ್ರತಿ. ವಿಭಜನೆಗೆ ಆಕ್ಸೆಸ್‌ನಲ್ಲಿಯೇ ವಿಝಾರ್ಡ್ ಇದೆ, ಕೆಲವೇ ನಿಮಿಷದ ಕೆಲಸ. ಆದರೂ ಕಚೇರಿಗಳಲ್ಲಿ ನಡೆಯುವುದು ಅರ್ಧ ವಿಭಜನೆ: ಫೈಲು ಎರಡಾಗಿರುತ್ತದೆ, ಎರಡೂ ಸರ್ವರಿನಲ್ಲಿರುತ್ತವೆ, ಎಲ್ಲರ ಡೆಸ್ಕ್‌ಟಾಪಿನಲ್ಲೂ ಒಂದೇ ಫ್ರಂಟ್‌ಎಂಡಿನ ಶಾರ್ಟ್‌ಕಟ್. ಇದರಿಂದ ಪ್ರಯೋಜನ ಇಲ್ಲವೆಂದೇ ಹೇಳಬೇಕು. ಹೊಸ ಫ್ರಂಟ್‌ಎಂಡನ್ನು ಎಲ್ಲರಿಗೂ ಮುಟ್ಟಿಸುವುದು ಕಷ್ಟ ಎಂಬುದು ಸಬೂಬು. ಬೆಳಿಗ್ಗೆ ಲಾಗಿನ್ ಆದಾಗ ಸರ್ವರಿನಿಂದ ಹೊಸ ಪ್ರತಿಯನ್ನು ನಕಲಿಸಿ ತೆರೆಯುವ ನಾಲ್ಕು ಸಾಲಿನ ಬ್ಯಾಚ್ ಫೈಲು ಆ ಕಷ್ಟವನ್ನು ನೀಗುತ್ತದೆ. ಎಲ್ಲ ಮೇಜಿಗೂ ಆಕ್ಸೆಸ್ ಕೊಳ್ಳಬೇಕಾಗಿಯೂ ಇಲ್ಲ. ಬರೀ ಬಳಸುವವರಿಗೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಆಕ್ಸೆಸ್ ರನ್‌ಟೈಮ್ ಸಾಕು. ಪ್ರೋಗ್ರಾಂ ನಡೆಯುವಷ್ಟು ಹೊತ್ತೂ ಬ್ಯಾಕ್‌ಎಂಡಿಗೆ ಒಂದು ಸಂಪರ್ಕವನ್ನು ತೆರೆದೇ ಇಟ್ಟಿದ್ದರೆ, ಪ್ರತಿ ಫಾರಂಗೂ ಲಾಕ್ ಫೈಲು ಹುಟ್ಟಿ ಅಳಿಯುವ ಓಡಾಟ ತಪ್ಪಿ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ.

ಫೈಲು ಕೆಡುವುದಕ್ಕೆ ಬಹುಪಾಲು ಕಾರಣ ಬರೆಯುತ್ತಿರುವಾಗ ಸಂಪರ್ಕ ಕಡಿಯುವುದು. ಇಂಡೆಕ್ಸಿನ ಪುಟ ಬರೆದಾಗಿ ಮಾಹಿತಿಯ ಪುಟ ಇನ್ನೂ ಬಾಕಿ ಇರುವಾಗ ಕೇಬಲ್ ಸಡಿಲವಾದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಕೇಂದ್ರದ ಎಂಜಿನ್ ಇರುವ ಡೇಟಾಬೇಸ್‌ಗಳು ಮೊದಲು ಲಾಗ್ ಬರೆದಿಟ್ಟು ಇಂಥ ಹೊತ್ತಿನಲ್ಲಿ ಹಿಂದಿನ ಸ್ಥಿತಿಗೆ ಮರಳುತ್ತವೆ. ಆಕ್ಸೆಸ್, ಫಾಕ್ಸ್‌ಪ್ರೊಗಳಿಗೆ ಅಂಥ ಲಾಗ್ ಇಲ್ಲ. ವೈ-ಫೈ ಬೇಡವೆನ್ನುವುದು ಈ ಕಾರಣಕ್ಕೆ: ಸಿನಿಮಾ ನೋಡುವಾಗ ಗಮನಕ್ಕೂ ಬಾರದ ಅರೆಕ್ಷಣದ ತಡೆ ಇಲ್ಲಿ ಫೈಲನ್ನೇ ಕೆಡಿಸಬಲ್ಲದು. ಕರೆಂಟಿನ ಸಂಗತಿ ನಮ್ಮ ಊರುಗಳಲ್ಲಿ ಇನ್ನೂ ವಿಚಿತ್ರ. ಸರ್ವರಿಗೆ ಯುಪಿಎಸ್ ಇರುತ್ತದೆ, ಕೌಂಟರಿನ ಕಂಪ್ಯೂಟರ್‌ಗಳಿಗೂ ಇರುತ್ತದೆ; ಗೋಡೆಯ ಮೇಲೆ ಎತ್ತರದಲ್ಲಿ ಕೂತ ಎಂಟು ಪೋರ್ಟಿನ ಸ್ವಿಚ್ ಮಾತ್ರ ನೇರ ಕರೆಂಟಿನಲ್ಲಿ ಓಡುತ್ತಿರುತ್ತದೆ. ಕರೆಂಟ್ ಹೋದರೆ ಯಂತ್ರಗಳೆಲ್ಲ ಉರಿಯುತ್ತಲೇ ಇರುತ್ತವೆ, ಎಲ್ಲರ ಸಂಪರ್ಕವೂ ಒಟ್ಟಿಗೆ ಕಡಿದಿರುತ್ತದೆ. ಅತಿ ಕಡಿಮೆ ವಿದ್ಯುತ್ ಬೇಡುವ ಆ ಸಾಧನವನ್ನು ಯುಪಿಎಸ್‌ಗೆ ಸೇರಿಸಲು ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಸಾಕು.

ಕೆಲವು ತೊಂದರೆಗಳು ವಿಂಡೋಸಿನ ಜಾಣತನದಿಂದಲೇ ಬರುತ್ತವೆ. ಫೈಲು ಒಬ್ಬರ ಕೈಯಲ್ಲಷ್ಟೇ ಇದೆ ಎಂದುಕೊಂಡಾಗ ವಿಂಡೋಸ್ ಬದಲಾವಣೆಗಳನ್ನು ಅವರ ಯಂತ್ರದಲ್ಲೇ ಇಟ್ಟುಕೊಂಡು ಆಮೇಲೆ ಒಟ್ಟಿಗೆ ಬರೆಯಲು ಬಿಡುತ್ತದೆ. ಇದನ್ನು ಹಿಂದೆ ಆಪ್‌ಲಾಕ್ ಎನ್ನುತ್ತಿದ್ದರು, ಎಸ್‌ಎಂಬಿಯ ಹೊಸ ಆವೃತ್ತಿಗಳಲ್ಲಿ ಲೀಸ್. ವರ್ಡ್ ಕಡತಕ್ಕೆ ಇದು ವರ, ಹಲವರು ಬರೆಯುವ ಡೇಟಾಬೇಸಿಗೆ ಅಪಾಯ. 2018ರಲ್ಲಿ ವಿಂಡೋಸ್ 10ರ 1803 ಆವೃತ್ತಿ ಬಂದ ಮೇಲೆ ಅನೇಕ ಕಚೇರಿಗಳ ಆಕ್ಸೆಸ್ ಫೈಲುಗಳು ‘ಅಸಂಗತ ಸ್ಥಿತಿ’ಯಲ್ಲಿವೆ ಎಂಬ ಸಂದೇಶ ತೋರಿಸತೊಡಗಿದಾಗ, ಫೈಲ್ ಸರ್ವರಿನಲ್ಲಿ ಲೀಸ್ ಸೌಲಭ್ಯ ಆರಿಸುವಂತೆ ಮೈಕ್ರೋಸಾಫ್ಟೇ ಸೂಚಿಸಬೇಕಾಯಿತು. ಲಿನಕ್ಸ್ ಮೇಲೆ ಸಾಂಬಾ ಎಂಬ ಫೈಲ್ ಹಂಚಿಕೆಯ ತಂತ್ರಾಂಶ ಓಡಿಸುವ ನ್ಯಾಸ್ (ನೆಟ್‌ವರ್ಕ್ ಸಂಗ್ರಹ) ಪೆಟ್ಟಿಗೆಗಳಲ್ಲಿ ಡೇಟಾಬೇಸ್ ಫೈಲುಗಳಿಗಷ್ಟೇ ಆಪ್‌ಲಾಕ್ ಬೇಡವೆನ್ನುವ ಸೆಟ್ಟಿಂಗ್ ಇದೆ. ಒನ್‌ಡ್ರೈವ್, ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳ ಮಾತೇ ಬೇಡ: ಅವು ಫೈಲನ್ನು ಹಂಚುವುದಿಲ್ಲ, ಪ್ರತಿಯೊಬ್ಬರಿಗೂ ಒಂದೊಂದು ನಕಲು ಕೊಟ್ಟು ಹಿಂದಿನಿಂದ ಸರಿಹೊಂದಿಸುತ್ತವೆ. ಇಬ್ಬರು ಒಟ್ಟಿಗೆ ಬರೆದರೆ ಒಬ್ಬರ ದಿನದ ಕೆಲಸ ಹೋದಂತೆ. ಎಸ್‌ಕ್ಯೂಲೈಟ್ ಎಂಬ ಜನಪ್ರಿಯ ಫೈಲ್ ಡೇಟಾಬೇಸನ್ನು ರಚಿಸಿದವರು ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ಹಲವರು ಬಳಸುವುದು ಬೇಡವೆಂದು ತಮ್ಮ ಕೈಪಿಡಿಯಲ್ಲಿಯೇ ಎಚ್ಚರಿಸಿದ್ದಾರೆ.

ಎಷ್ಟು ಜನರಿಗೆ ಇದು ತಾಳುತ್ತದೆ? ಆಕ್ಸೆಸ್ ಕಾಗದದ ಮೇಲೆ ಏಕಕಾಲಕ್ಕೆ 255 ಜನರಿಗೆ, 2 ಜಿಬಿ ಗಾತ್ರದವರೆಗೆ ಎನ್ನುತ್ತದೆ. ಎರಡನೆಯದು ಖಚಿತ ಮಿತಿ, ಫಾಕ್ಸ್‌ಪ್ರೊದ ಒಂದೊಂದು ಟೇಬಲಿಗೂ ಅದೇ. ಮೊದಲನೆಯದನ್ನು ನಂಬಿ ಯಾರೂ ಕೆಲಸಕ್ಕಿಳಿಯುವುದಿಲ್ಲ. ಚೆನ್ನಾಗಿ ವಿಭಜಿಸಿ, ಕೇಬಲ್ ಎಳೆದ ಲ್ಯಾನಿನಲ್ಲಿ ಹತ್ತರಿಂದ ಇಪ್ಪತ್ತು ಜನ ಬರೆಯುವುದು ನೆಮ್ಮದಿಯ ಮಿತಿ. ಬರೀ ಓದುವವರಾದರೆ ಹೆಚ್ಚು. ಇನ್ನೊಂದು ಮಿತಿ ಎಲ್ಲರ ಕಣ್ಣು ತಪ್ಪಿಸುತ್ತದೆ: ಫೈಲು ಮಾಮೂಲಿ ವಿಂಡೋಸ್ ಯಂತ್ರದಲ್ಲಿದ್ದರೆ ಅದು ಏಕಕಾಲಕ್ಕೆ 20 ಯಂತ್ರಗಳನ್ನಷ್ಟೇ ಒಳಗೆ ಬಿಡುತ್ತದೆ. ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಈ ಸಂಖ್ಯೆ 10 ಇತ್ತು. ಇಪ್ಪತ್ತೊಂದನೆಯವರಿಗೆ ಬಾಗಿಲು ತೆರೆಯದಿದ್ದಾಗ ತಪ್ಪು ಡೇಟಾಬೇಸಿನದಲ್ಲ.

ಕರ್ನಾಟಕದ ಅಂಗಡಿ, ಕಾರ್ಖಾನೆ, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಈ ಪದ್ಧತಿಯ ಅತಿ ಪರಿಚಿತ ರೂಪ ಟ್ಯಾಲಿ. ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಈ ಕಂಪನಿಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಸಿಲ್ವರ್ ಲೈಸೆನ್ಸ್ ಒಂದು ಯಂತ್ರಕ್ಕೆ, ಗೋಲ್ಡ್ ಲ್ಯಾನ್ ಮೇಲಿನ ಹಲವರಿಗೆ. ಗೋಲ್ಡ್‌ನಲ್ಲಿಯೂ ಡೇಟಾ ಫೋಲ್ಡರ್ ಒಂದು ಯಂತ್ರದಲ್ಲಿದ್ದು, ಪ್ರತಿ ಮೇಜಿನ ಟ್ಯಾಲಿ ಅದನ್ನು ಶೇರ್ ಮೂಲಕ ತಾನೇ ಓದಿ ಬರೆಯುತ್ತದೆ. ಹೀಗಾಗಿ ಮೇಲೆ ಹೇಳಿದ ಕೇಬಲ್, ಕರೆಂಟ್, ವೈ-ಫೈಗಳ ಮಾತು ಇಲ್ಲಿಗೂ ಸಲ್ಲುತ್ತದೆ. ಡೇಟಾ ಕೆಟ್ಟಾಗ ‘ರೀರೈಟ್’ ಮಾಡಿ ಸರಿಪಡಿಸುವುದು ಟ್ಯಾಲಿ ಬಲ್ಲವರಿಗೆಲ್ಲ ಗೊತ್ತು. ಅದಕ್ಕೆ ಮುಂಚೆ ಫೋಲ್ಡರಿನ ನಕಲು ತೆಗೆಯುವುದನ್ನು ಮರೆಯುವವರೂ ಕಡಿಮೆಯಿಲ್ಲ. ಬಳಕೆದಾರರು ಹೆಚ್ಚಾದಾಗ ಫೈಲುಗಳನ್ನು ಒಂದೇ ಪ್ರೋಗ್ರಾಂ ಮುಟ್ಟುವಂತೆ ಮಾಡುವ ಟ್ಯಾಲಿ ಸರ್ವರನ್ನು ಕಂಪನಿಯೇ ಪ್ರತ್ಯೇಕವಾಗಿ ಮಾರುತ್ತದೆ.

ಬ್ಯಾಕಪ್ ವಿಷಯದಲ್ಲಿ ಒಂದು ಮಾತು ಸಾಕು: ಯಾರಾದರೂ ತೆರೆದಿಟ್ಟ ಫೈಲಿನ ನಕಲು ನಂಬಿಕೆಗೆ ಅರ್ಹವಲ್ಲ. ಲಾಕ್ ಫೈಲು ಅಳಿದಿದೆ ಎಂದು ನೋಡಿದ ಮೇಲೆಯೇ ನಕಲು ತೆಗೆಯಬೇಕು, ಆಮೇಲೆಯೇ ಫೈಲನ್ನು ಕುಗ್ಗಿಸಿ ಸರಿಪಡಿಸುವ ಆಕ್ಸೆಸ್‌ನ ಕಾಂಪ್ಯಾಕ್ಟ್ ಅಂಡ್ ರಿಪೇರ್ ಓಡಿಸಬೇಕು. ಸಂಜೆ ಯಾರೋ ಪ್ರೋಗ್ರಾಂ ಮುಚ್ಚದೆ ಮನೆಗೆ ಹೋಗುವುದು ಎಲ್ಲ ಕಚೇರಿಗೂ ಇರುವ ಪಾಡು. ಕೆಲವು ನಿಮಿಷಕ್ಕೊಮ್ಮೆ ಒಂದು ಗುರುತನ್ನು ನೋಡಿ, ಅದು ಬದಲಾಗಿದ್ದರೆ ತಾನೇ ಮುಚ್ಚಿಕೊಳ್ಳುವ ಅದೃಶ್ಯ ಫಾರಂ ಫ್ರಂಟ್‌ಎಂಡಿನಲ್ಲಿದ್ದರೆ ಆ ತಲೆನೋವಿಲ್ಲ. ಭದ್ರತೆ ಮಾತ್ರ ಈ ಪದ್ಧತಿಯ ನಿಜವಾದ ಬಡತನ. ಬಳಸುವ ಪ್ರತಿಯೊಬ್ಬರಿಗೂ ಫೈಲಿನ ಮೇಲೆ ಪೂರ್ಣ ಅನುಮತಿ ಇರಬೇಕಾದ್ದರಿಂದ, ಬೇಕೆಂದವರು ಇಡೀ ಡೇಟಾಬೇಸನ್ನು ಪೆನ್‌ಡ್ರೈವಿಗೆ ಎಳೆದುಕೊಳ್ಳಬಹುದು. ಪಾಸ್‌ವರ್ಡ್ ಹಾಕಿ ಗೂಢಲಿಪಿಗೆ ತಿರುಗಿಸಬಹುದು, ಆದರೆ ಆ ಪಾಸ್‌ವರ್ಡ್ ಎಲ್ಲರಿಗೂ ಒಂದೇ. ಹೊಸ ಮಾದರಿಯ ಆಕ್ಸೆಸ್ ಫೈಲುಗಳಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಅಧಿಕಾರ ಕೊಡುವ ಹಳೆಯ ಸೌಲಭ್ಯವೂ ಇಲ್ಲ. ರೋಗಿಗಳ ವಿವರ, ಸದಸ್ಯರ ಆಧಾರ್, ಬ್ಯಾಂಕ್ ಖಾತೆಗಳನ್ನು ಇಂಥ ಫೈಲಿನಲ್ಲಿಡುವುದು ಸರಿಯಲ್ಲ; ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರ ಕಾನೂನು ಬಂದ ಮೇಲಂತೂ ಅಲ್ಲವೇ ಅಲ್ಲ.

ಲ್ಯಾನಿನ ಗಡಿ ದಾಟಲೇಬೇಕಾದಾಗ ಎರಡು ದಾರಿಗಳಿವೆ. ಮೊದಲನೆಯದು ರಿಮೋಟ್ ಡೆಸ್ಕ್‌ಟಾಪ್. ಪ್ರೋಗ್ರಾಂ, ಫೈಲು ಎರಡೂ ಒಂದೇ ಸರ್ವರಿನಲ್ಲಿ ಓಡುತ್ತವೆ. ದೂರದ ಶಾಖೆಗೆ ಹೋಗುವುದು ಪರದೆಯ ಚಿತ್ರ, ಬರುವುದು ಕೀಲಿ ಮತ್ತು ಮೌಸಿನ ಒತ್ತು. ಸಂಪರ್ಕ ಕಡಿದರೂ ಬರವಣಿಗೆ ಸರ್ವರಿನಲ್ಲಿಯೇ ಮುಂದುವರಿಯುವುದರಿಂದ ಫೈಲಿಗೆ ಪೆಟ್ಟಿಲ್ಲ. ಪ್ರೋಗ್ರಾಮಿನ ಒಂದು ಸಾಲನ್ನೂ ತಿದ್ದಬೇಕಿಲ್ಲ, ಹಳೆಯ ಫಾಕ್ಸ್‌ಪ್ರೊಗೆ ಇದೇ ತಕ್ಕ ಮದ್ದು. ಖರ್ಚು ವಿಂಡೋಸ್ ಸರ್ವರಿಗೆ ಮತ್ತು ತಲೆಗೊಂದರಂತೆ ಲೈಸೆನ್ಸಿಗೆ.

ಎರಡನೆಯದು ಟೇಬಲ್‌ಗಳನ್ನು ನಿಜವಾದ ಸರ್ವರ್ ಡೇಟಾಬೇಸಿಗೆ ಸಾಗಿಸಿ, ಆಕ್ಸೆಸ್‌ನ ಫಾರಂಗಳನ್ನು ಓಡಿಬಿಸಿ ಎಂಬ ಸಂಪರ್ಕ ಪದ್ಧತಿಯ ಮೂಲಕ ಅದಕ್ಕೆ ಜೋಡಿಸುವುದು. ಎಸ್‌ಕ್ಯೂಎಲ್ ಸರ್ವರಿನ ಎಕ್ಸ್‌ಪ್ರೆಸ್ ಆವೃತ್ತಿ ಉಚಿತ. 2008 ಆರ್2 ಬಂದಾಗಲೇ ಅದರ ಮಿತಿ ಡೇಟಾಬೇಸಿಗೆ 10 ಜಿಬಿ ಆಗಿತ್ತು. ಮಾರಿಯಾಡಿಬಿ, ಪೋಸ್ಟ್‌ಗ್ರೆಸ್‌ಗಳಿಗೆ ಹಣವೂ ಇಲ್ಲ, ಅಂಥ ಮಿತಿಯೂ ಇಲ್ಲ. ಸಾಗಿಸಿದ ಮಾತ್ರಕ್ಕೆ ವೇಗ ಬರುವುದಿಲ್ಲ, ಕೆಲವೊಮ್ಮೆ ಮೊದಲಿಗಿಂತ ನಿಧಾನವಾಗುತ್ತದೆ. ಕ್ವೆರಿಯೊಳಗೆ ಆಕ್ಸೆಸ್‌ಗಷ್ಟೇ ತಿಳಿದ ವಿಬಿಎ ಫಂಕ್ಷನ್ ಇದ್ದರೆ ಸರ್ವರ್ ಅದನ್ನು ಮಾಡಲಾರದೆ ದಾಖಲೆಗಳನ್ನೆಲ್ಲ ಮೇಜಿಗೆ ಸುರಿಯುತ್ತದೆ. ಭಾರದ ಲೆಕ್ಕಗಳನ್ನು ಸರ್ವರಿನಲ್ಲೇ ನಡೆಯುವ ವ್ಯೂ, ಪಾಸ್-ಥ್ರೂ ಕ್ವೆರಿಗಳಾಗಿ ತಿರುಗಿಸಿ ಬರೆದ ಮೇಲೆಯೇ ಫಲ ಕಾಣುವುದು.

ಕನ್ನಡದ ಮಾಹಿತಿ ಇರುವ ಕಡೆ ಈ ಸಾಗಣೆಗೆ ಇನ್ನೊಂದು ತೊಡಕು ಸೇರುತ್ತದೆ. ಫಾಕ್ಸ್‌ಪ್ರೊಗೆ ಯುನಿಕೋಡ್ ಬಾರದು. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ತುಂಬಿಸಿದ ಹೆಸರುಗಳು ಫೈಲಿನೊಳಗೆ ಇಂಗ್ಲಿಷಿನ ಚಿಹ್ನೆಗಳಾಗಿಯೇ ಉಳಿದಿರುತ್ತವೆ. ಫಾಂಟ್ ತೆಗೆದರೆ ಓದಲಾಗದು, ಅಕಾರಾದಿಯಾಗಿ ಜೋಡಿಸಲೂ ಆಗದು. ಆಕ್ಸೆಸ್ 2000ರಿಂದ ಯುನಿಕೋಡ್ ಬಂತು, ಅದಕ್ಕೂ ಲೆಕ್ಕವಿದೆ. ‘ಶ್ರೀ’ ಎಂಬ ಒಂದೇ ಅಕ್ಷರ ಯುನಿಕೋಡಿನಲ್ಲಿ ನಾಲ್ಕು ಸಂಕೇತ, ಎಂಟು ಬೈಟ್. ಆಕ್ಸೆಸ್‌ನ ಯುನಿಕೋಡ್ ಕುಗ್ಗಿಸುವ ಸೌಲಭ್ಯ ಇಂಗ್ಲಿಷಿಗೆ ದಕ್ಕುತ್ತದೆ, ಕನ್ನಡಕ್ಕೆ ದಕ್ಕದು. 255 ಸಂಕೇತಗಳ ಕಾಲಂನಲ್ಲಿ ವಿಳಾಸ ಬೇಗ ತುಂಬುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಕಾಲಮನ್ನು ವಾರ್‌ಕಾರ್ ಬದಲು ಎನ್‌ವಾರ್‌ಕಾರ್ ಎಂದು ಗೊತ್ತುಮಾಡದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಒಮ್ಮೆ ಉಳಿಸಿದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಹಳೆಯ ಫಾಂಟಿನಿಂದ ಯುನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಜಾಗ ತಪ್ಪುವುದು ಸಾಮಾನ್ಯ. ಆದ್ದರಿಂದ ಸದಸ್ಯರ ಹೆಸರುಗಳ ಪಟ್ಟಿಯನ್ನು ಮುದ್ರಿಸಿ, ಕಚೇರಿಯಲ್ಲಿ ಆ ಹೆಸರುಗಳನ್ನು ಬಲ್ಲ ಹಿರಿಯ ಗುಮಾಸ್ತರಿಂದ ಒಮ್ಮೆ ಓದಿಸಿ ಸರಿಪಡಿಸಿದ ನಂತರವೇ ಹೊಸ ಸರ್ವರನ್ನು ಕೌಂಟರಿಗೆ ತೆರೆಯಬೇಕು. ಹಳೆಯ ಫೈಲಿನ ಒಂದು ಪ್ರತಿಯನ್ನು ಅದರ ಫಾಂಟಿನ ಸಮೇತ ಕಾಯ್ದಿಡಬೇಕು.